ಪರದೆಯ ಹಿಂದಿನ ನಾಂದಿ

ನಾಂದಿ ಎಂಬ ಮಾತನ್ನು ಈಗ ಪತ್ರಿಕೆಯವರು ಎಲ್ಲದಕ್ಕೂ ಹಚ್ಚುತ್ತಾರೆ. ಜಗಳಕ್ಕೂ ನಾಂದಿ, ರಸ್ತೆ ಅಗೆಯುವುದಕ್ಕೂ ನಾಂದಿ. ನಾನು ಬಲ್ಲ ನಾಂದಿ ನಾಟಕಕ್ಕೆ ಮುಂಚೆ ಹಾಡುವಂಥದ್ದು. ಮಂಗಳೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿಸಿದ ಸಿಸ್ಟರ್ ಇಂಥದನ್ನೇ ಪ್ರಿಲ್ಯೂಡ್ ಎನ್ನುತ್ತಿದ್ದರು. ಮುಂದಿನದಕ್ಕೆ ಕಿವಿ ಹದಮಾಡುವ ಸಂಗೀತವಾದರೂ ಅದನ್ನು ಕೊನೆಯ ಸ್ವರದವರೆಗೆ ನುಡಿಸಲೇಬೇಕೆಂಬುದು ಅವರ ಹಟ.

ಐವತ್ತರ ದಶಕದಲ್ಲಿ ಮದುವೆಯಾಗಿ ಮುಂಬಯಿಯ ವಡಾಲಕ್ಕೆ ಬಂದೆ. ಮೂರು ವರ್ಷವಾದರೂ ನಮ್ಮವರು ನನ್ನ ಹಾಡು ಕೇಳಿರಲಿಲ್ಲ. ಆಗ ಕನ್ನಡದವರ ಸಂಘದಿಂದ ನಾಂದಿ ಹಾಡಲು ಕರೆ ಬಂತು.

"ಪರದೆ ಎಳೆದೇ ಇರ್ತದಲ್ಲ? ಮುಖ ಕಾಣುವುದಿಲ್ಲ ಅಂತಾದ್ರೆ ಹಾಡಲಿ" ಎಂದರು ಅತ್ತೆ. ನಮ್ಮವರು ಮುಂದಿನ ಸಾಲಿನಲ್ಲೇ ಕೂರುತ್ತೇನೆಂದರು. ಆ ಒಂದು ಮಾತಿಗಾಗಿ ತಿಂಗಳಿಡೀ ಅಕ್ಕಿ ಆರಿಸುತ್ತ ಗಂಟಲು ಹದಮಾಡಿಕೊಂಡೆ.

ನಾಟಕದ ದಿನ ಪರದೆಯ ಹಿಂದೆ ನಾಯಕಿಯ ವೇಷದ ಗಂಡಸೊಬ್ಬರು ಸೆರಗು ಸರಿಮಾಡಿಕೊಳ್ಳುತ್ತ ಬೀಡಿ ಸೇದುತ್ತಿದ್ದರು. ಪರದೆಯ ತೂತಿನಿಂದ ನೋಡಿದೆ. ಮುಂದಿನ ಸಾಲಿನ ಕುರ್ಚಿಯೊಂದರ ಮೇಲೆ ನಮ್ಮವರ ಕರವಸ್ತ್ರ ಹಾಸಿತ್ತು. ಜಾಗ ಹಿಡಿದಿದ್ದಾರೆ, ಬರುತ್ತಾರೆ ಎಂದುಕೊಂಡು ಶುರುಮಾಡಿದೆ.

ಮುಗಿಯುತ್ತಲೇ ಸಂಘದ ಕಾರ್ಯದರ್ಶಿಗಳು, ಧಾರವಾಡದವರು, ಓಡಿಬಂದರು. "ಇನ್ನೊಮ್ಮೆ ಹಾಡ್ರೀ ವೈನಿ, ಅಧ್ಯಕ್ಷರು ಇನ್ನೂ ಬಂದಿಲ್ಲ."

ಮತ್ತೆ ಹಾಡಿದೆ. ಹೊರಗೆ ಕುರ್ಚಿ ಎಳೆಯುವ ಸದ್ದು, ಮಕ್ಕಳ ಅಳು.

"ಅವರ ಗಾಡಿ ಸಯನ್ ದಾಟೇದಂತ. ಇನ್ನೊಮ್ಮೆ, ಸ್ವಲ್ಪ ಎಳದ್ ಹಾಡ್ರಿ."

ಮೂರನೆಯ ಸಲ ಚರಣ ಎತ್ತಿಕೊಂಡಿದ್ದೆ. ಅಧ್ಯಕ್ಷರ ಹಾರದ ತಟ್ಟೆ ಹಿಡಿದಿದ್ದವರೊಬ್ಬರು ನನ್ನತ್ತ ಅಂಗೈ ತೋರಿಸಿದರು. ಸಾಕು ಎಂದು. ಹಾರ್ಮೋನಿಯಂ ನಿಂತಿತು. ಅರ್ಧ ಸಾಲು ನನ್ನ ಬಾಯಲ್ಲೇ ಉಳಿಯಿತು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಕೇಳಿದೆ, "ಹೇಗಿತ್ತು?"

"ಫಸ್ಟ್ ಕ್ಲಾಸ್! ಆ ನಾಯಕಿ ಗಂಡಸಂತ ಗೊತ್ತೇ ಆಗುವುದಿಲ್ಲ ಮಾರಾಯ್ತಿ."

"ನಾಂದಿ?"

"ಅದಾ? ಆಗ ನಾವೆಲ್ಲ ಹೊರಗೆ ಚಹಾ ಕುಡೀತಾ ಇದ್ದೆವು. ಶುರುವಾಗುವುದಕ್ಕೆ ಮೊದಲೇ ಬಂದು ಕೂತೆ, ಏನೂ ತಪ್ಪಲಿಲ್ಲ."

ನಾನು ಟಿಕೆಟನ್ನು ಸಣ್ಣಗೆ ಮಡಿಸುತ್ತ ಕೂತೆ. ಒಂದು ಸಲ ಮನೆಯಲ್ಲಿ ಹಾಡು ಎಂದಾರೇನೋ ಎಂದು ಕೆಲವು ದಿನ ಕಾದೆ. ಆಮೇಲೆ ಅದನ್ನೂ ಬಿಟ್ಟೆ.

ಮರುವರ್ಷ ಕಾರ್ಯದರ್ಶಿಗಳು ಮನೆಗೇ ಬಂದರು. ಗಂಟಲು ಸರಿಯಿಲ್ಲ ಎಂದೆ. ಒತ್ತಾಯ ಮಾಡುತ್ತಾರೆಂದು ಮನಸ್ಸಿನ ಮೂಲೆಯಲ್ಲಿ ಇದ್ದದ್ದು ಸುಳ್ಳಲ್ಲ.

ಅವರು ಚಹಾ ಮುಗಿಸಿ ಎದ್ದರು. "ಇರ್ಲಿ ಬಿಡ್ರೀ ವೈನಿ, ರೆಕಾರ್ಡ್ ಹಚ್ತೀವಿ. ಬೇಕಾದಲ್ಲಿ ನಿಲ್ಲಸಾಕೂ ಬರ್ತದ."