ಒಂದೇ ಆಟಕ್ಕೆ ಜಾಗ

ನಮ್ಮ ಮನೆಯ ಟಿವಿಗೆ ಜೋಡಿಸಿದ ಗೇಮ್ ಡಬ್ಬಿ ಯಾದಗಿರಿಯ ಪರಿಚಯದವರೊಬ್ಬರು ಬಳಸಿ ಕೊಟ್ಟ ಹಳೆಯದು. ಅದರಲ್ಲಿ ಎರಡು ದೊಡ್ಡ ಆಟ ಹಿಡಿಸುವುದಿಲ್ಲ. ಒಂದನ್ನು ಅಳಿಸಿದರೆ ಮಾತ್ರ ಇನ್ನೊಂದಕ್ಕೆ ಜಾಗ. ಲಗ್ನವಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಜಗಳಾಡಿದ್ದು ಸೀರೆಗಲ್ಲ, ಬಂಗಾರಕ್ಕಲ್ಲ, ಈ ಜಾಗಕ್ಕೆ.

ಅವರಿಗೆ ಬಂದೂಕಿನ ಆಟ. ಶಹಾಪುರದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಅವರದು. ವಾರವೆಲ್ಲ ಗಿರಾಕಿಗಳಿಗೆ ‘ಹೌದ್ರಿ, ಆತ್ರಿ’ ಎಂದು ಸಾಕಾದವರು ಟಿವಿ ಮುಂದೆ ಕೂತು ಸಿಕ್ಕಸಿಕ್ಕವರಿಗೆ ಗುಂಡು ಹೊಡೆಯುತ್ತಿದ್ದರು. ನನಗೆ ಕಥೆಯ ಆಟ. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಗೆಳತಿಯ ಲ್ಯಾಪ್‌ಟಾಪಿನಿಂದ ಹಿಡಿದ ಹುಚ್ಚು ಅದು. ಒಂದು ರಾಜ್ಯ ಇರುತ್ತದೆ, ಅದರಲ್ಲಿ ನಾವೂ ಒಬ್ಬರಾಗಿ ಊರೂರು ಅಲೆಯುತ್ತೇವೆ. ಎದುರಾದವರಿಗೆ ಏನು ಉತ್ತರ ಕೊಡಬೇಕೆಂದು ನಾವೇ ಆರಿಸಬೇಕು, ಕೊಟ್ಟ ಉತ್ತರದಂತೆ ಕಥೆ ತಿರುಗುತ್ತದೆ. ಒಂದು ಭಾಗ ಮುಗಿದರೆ ಇನ್ನೊಂದು ಕಾದಿರುತ್ತದೆ. ಗುಂಡು ಹೊಡೆದರೆ ಏನು ತಿರುಗುತ್ತದೆ, ಮಣ್ಣು?

ಇಬ್ಬರಿಗೂ ಕೂಡಿ ಸಿಗುತ್ತಿದ್ದುದು ಭಾನುವಾರದ ಮಧ್ಯಾಹ್ನ ಒಂದೇ. ಉಳಿದ ದಿನ ನಾನು ಬೆಳಿಗ್ಗೆ ಸುರಪುರದ ಬಸ್ಸು ಹಿಡಿದು ಶಾಲೆಗೆ ಹೋಗುತ್ತಿದ್ದೆ, ಸಂಜೆ ನಾನು ಬಂದಾಗ ಅವರು ಅಂಗಡಿಯಲ್ಲಿರುತ್ತಿದ್ದರು. ಆ ಒಂದು ಮಧ್ಯಾಹ್ನವೂ ಒಬ್ಬರು ಆಡುವುದು, ಇನ್ನೊಬ್ಬರು ಮುಖ ಗಂಟಿಕ್ಕಿಕೊಂಡು ಬಟ್ಟೆ ಮಡಚುವುದು ಎಂದಾಗಿತ್ತು. ಹೀಗೇ ಹೋದರೆ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆಯವರಂತೆ ಇದ್ದುಬಿಡುತ್ತೇವೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ನನ್ನ ನಾಲಿಗೆ ಮೊದಲೇ ಚೂಪು. ಇಂಗ್ಲಿಷ್ ಕಲಿಸುವವಳು, ತಪ್ಪು ಕಂಡರೆ ತಿದ್ದದೆ ತುತ್ತು ಇಳಿಯುವುದಿಲ್ಲ. ನಮ್ಮ ಲಗ್ನಪತ್ರಿಕೆಯನ್ನೇ ಕೆಂಪು ಪೆನ್ನು ಹಿಡಿದು ಓದಿದವಳು ನಾನು. ಒಂದು ಭಾನುವಾರ ರೊಟ್ಟಿ ಬಡಿಯುತ್ತ, ಕೂತು ಕಥೆ ಕೇಳುವ ತಾಳ್ಮೆ ಇಲ್ಲದವರಿಗೇ ಬಂದೂಕು ಬೇಕಾಗುವುದು ಎಂದುಬಿಟ್ಟೆ. ಅವರು ಊಟ ಮುಗಿಸಿ, ತಮ್ಮ ಆಟ ಅಳಿಸಿ, ನನ್ನದನ್ನು ಹಾಕಿ, ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟರು. ಗೆದ್ದೆ ಅಂದುಕೊಂಡೆ. ಆದರೆ ಪಕ್ಕದಲ್ಲಿ ಕೂತವರು ಪರದೆ ನೋಡದೆ ಮೊಬೈಲನ್ನೇ ನೋಡುತ್ತಿದ್ದರು. ಕಥೆ ಅಷ್ಟು ಕೆಟ್ಟದಾಗಿದೆಯೇ ಎಂದು ಕೇಳಿದೆ.

“ಕಥಿ ಕೆಟ್ಟ ಐತಂತ ಯಾರಂದ್ರು?” ಅಂದರು. “ನಾ ಓದೂದ್ರಾಗ ಅಕ್ಷರ ಹೋಗೇ ಬಿಡ್ತಾವ. ನೀ ನೋಡಿದ್ರ ಇಂಗ್ಲಿಷ್ ಟೀಚರ್. ನಿನ್ನ ಮುಂದ ಹ್ಯಾಂಗ ತಡವರಿಸ್ಲಿ?”

ಅವರು ವನದುರ್ಗದ ಕನ್ನಡ ಶಾಲೆಯಲ್ಲಿ ಕಲಿತವರು. ನನ್ನ ಆಟದ ಮಾತೆಲ್ಲ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದು ಹೋಗುತ್ತಿತ್ತು. ಬಂದೂಕಿನ ಆಟದಲ್ಲಿ ಓದುವುದೇನೂ ಇರುವುದಿಲ್ಲ, ಕಣ್ಣು ಮತ್ತು ಬೆರಳು ಚುರುಕಿದ್ದರೆ ಸಾಕು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಮುಖ ನೋಡಿಯೇ ಯಾವ ಹುಡುಗಿ ಪಾಠ ಓದಿಲ್ಲವೆಂದು ಹೇಳಬಲ್ಲ ನನಗೆ ಪಕ್ಕದಲ್ಲಿದ್ದವರ ಮುಖ ಕಂಡಿರಲಿಲ್ಲ. ತುಂಬ ನಾಚಿಕೆಯಾಯಿತು.

ಅವತ್ತಿನಿಂದ ನಾನು ಒಂದೊಂದು ಮಾತಿಗೂ ಆಟ ನಿಲ್ಲಿಸಿ ನಮ್ಮ ಭಾಷೆಯಲ್ಲಿ ಹೇಳತೊಡಗಿದೆ. ಉತ್ತರ ಆರಿಸುವುದು ಅವರ ಕೆಲಸ. ನಾನಾಗಿದ್ದರೆ ಸಿಟ್ಟಿನ ಉತ್ತರ ಒತ್ತಿ ಹತ್ತು ಮಂದಿಯನ್ನು ಎದುರು ಹಾಕಿಕೊಳ್ಳುತ್ತಿದ್ದೆ. ಇವರೋ ಅಂಗಡಿಯವರು. ರಾಕ್ಷಸ ಬಂದು ನಿಂತರೂ ಇಲ್ಲ ಅನ್ನದೆ, ನಾಳೆ ನೋಡೋಣ ಎನ್ನುವಂಥ ಉತ್ತರವನ್ನೇ ಹುಡುಕುವರು. ಆಗಬೇಕಾದ ಅರ್ಧ ಯುದ್ಧಗಳು ಆಗಲೇ ಇಲ್ಲ. ಹೀಗೆ ಎರಡು ಭಾಗ ಮುಗಿಸಿದೆವು. ಬಟ್ಟೆ ಸೋಮವಾರವೂ ಮಡಚದೆ ಬಿದ್ದಿರುತ್ತಿತ್ತು, ನಾನು ಸುಖವಾಗಿದ್ದೆ.

ಮೂರನೆಯ ಭಾಗ ಶುರುವಾದಾಗ ಪರೀಕ್ಷೆ ಹತ್ತಿರ ಬಂದಿತ್ತು. ತರಗತಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಈ ಭಾನುವಾರ ಆಟ ಬೇಡ ಎಂದು ಪಿಸುಗುಟ್ಟಿದೆ. ಅವರು ಕಂಟ್ರೋಲರನ್ನು ಎತ್ತಿಕೊಂಡು, ಇವತ್ತು ತಾವೇ ಓದುವುದಾಗಿ ಹೇಳಿದರು. ಪರದೆಯ ಮೇಲೆ ಒಬ್ಬ ರಾಣಿ ತನ್ನ ಮಗಳೆದುರು ನಿಂತಿದ್ದಳು. ಇವರು ಮುಂದಕ್ಕೆ ಬಾಗಿ, ತುಟಿ ಅಲುಗಿಸುತ್ತ ಒಂದೊಂದೇ ಪದ ಓದಿಕೊಂಡು ಕನ್ನಡದಲ್ಲಿ ಹೇಳಿದರು. ಮೊದಲ ಸಾಲಿನಲ್ಲೇ ಎರಡು ತಪ್ಪು. ನಾನು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು.

“ತಪ್ಪಿದ್ರ ತಪ್ಪಲಿ. ನಡುವ ಬಾಯಿ ಹಾಕಬ್ಯಾಡ. ಹೂಂ ಅಂತಿರು, ಸಾಕು.”

ನಮ್ಮ ಕಡೆ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅವರು ಮತ್ತೆ ಪರದೆಗೆ ಕಣ್ಣು ಹಚ್ಚಿದರು. ಇಂಗ್ಲಿಷಿನಲ್ಲಿ ಆ ರಾಣಿ ಮಗಳಿಗೆ, ಈ ಮನೆ ಬಿಟ್ಟು ಹೋಗು, ಇನ್ನು ಮುಖ ತೋರಿಸಬೇಡ ಎನ್ನುತ್ತಿದ್ದಳು. ಇವರ ಬಾಯಲ್ಲಿ ಅದೇ ರಾಣಿ, ಹೊತ್ತಾಯಿತು, ಉಂಡು ಹೋಗು ಅಂದಳು.

ನಾನು ಹೂಂ ಅಂದೆ.