ಬೀರು ನುಂಗಿದ ಆರಿಂಚು

ವರ್ನಾ ಶ್ರಾಕ್‌ಗೆ ಸಿಟ್ಟು ಬಂದರೆ ಇಂಡಿಯಾನಾದ ಆ ಊರಲ್ಲಿ ಯಾರೂ ಎದುರು ನಿಲ್ಲುತ್ತಿರಲಿಲ್ಲ. ಊರಿಗೆ ಊರೇ ಮೋಟರ್‌ಹೋಮ್, ಅಂದರೆ ಚಕ್ರದ ಮೇಲೆ ಓಡಾಡುವ ಮನೆ, ಕಟ್ಟುವವರದು. ಅವಳು ಅದಕ್ಕೆ ಪರದೆ ಹೊಲಿದವಳು, ಗಂಡ ಲೋವೆಲ್ ಮರಗೆಲಸ ಮಾಡಿದವನು. ಕೆಲಸ ಬಿಟ್ಟ ಮೇಲೆ ಹಳೆಯದೊಂದು ಗಾಡಿಯನ್ನೇ ಮನೆ ಮಾಡಿಕೊಂಡರು. ಹೇಗೋ ನಡೆದಿತ್ತು, ಲೋವೆಲ್‌ಗೆ ಲಕ್ವ ಹೊಡೆಯುವ ತನಕ. ನಡುವಿನ ದಾರಿ ಇಕ್ಕಟ್ಟು, ಅವನ ಗಾಲಿಕುರ್ಚಿ ಹಿಂದಿನ ಬಚ್ಚಲಿಗೆ ಹೋಗದು. ಒಲೆಯ ಪಕ್ಕದಲ್ಲೇ, ಹೆಂಡತಿ ಹಿಡಿದ ಪಾತ್ರೆಯಲ್ಲೇ ಎಲ್ಲವೂ ಆಗಬೇಕು. ಮಾನಕ್ಕೆ ಅಂಜುವ ಮನುಷ್ಯ, ಆ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಿದರೇ ಅವಳಿಗೆ ಮೈ ಉರಿಯುತ್ತಿತ್ತು.

ಆರಿಂಚು ಹೆಚ್ಚು ಅಗಲದ ಗಾಡಿಯೇ ಬೇಕೆಂದು ಹಟ ಹಿಡಿದಳು. ಮೈದುನ ಮರ್ಲ್ ಹುಡುಕಿಕೊಂಡು ಬಂದ.

"ಸಿಕ್ತು ಅತ್ತಿಗೆ. ನೀವ್ ಹೇಳಿದ್ದೇ. ಅದೇ ಹೆಸರು, ಅದೇ ವರ್ಷ, ಅದೇ ಕಂದು ಪಟ್ಟೆ."

"ಪಟ್ಟೆ ನೋಡ್ಕೊಂಡು ಬಂದ್ಯಾ? ಆ ವರ್ಷ ಎರಡು ಅಗಲದಲ್ಲೂ ಮಾಡಿದ್ರು, ಮುಖ ಒಂದೇ. ಹಿಂದ್ಗಡೆ ನಿಂತು ನೋಡ್ಬೇಕು. ಚಕ್ರ ಗೋಡೆಗೆ ಸಮ ಇದ್ರೆ ಕಿರಿದು, ಒಳಕ್ಕೆ ಸರಿದಿದ್ರೆ ಅಗಲದ್ದು. ಕಣ್ಣಿರೋದು ಯಾತಕ್ಕೆ?"

ತಾನೇ ಹೋಗಿ ನೋಡಿದಳು. ಚಕ್ರ ಒಳಕ್ಕಿತ್ತು. ಟೇಪು ಹಿಡಿದು ಹೊರಗಿನ ಅಗಲವನ್ನೂ ಅಳೆದಳು, ಸರಿಯಾಗೇ ಇತ್ತು. ಗಾಡಿಯೊಳಗೆ ಮಾರುವವನ ಪೆಟ್ಟಿಗೆಗಳು ಸೂರು ಮುಟ್ಟಿದ್ದವು, ಅಲ್ಲಿ ಅಳೆಯುವ ಗೋಜಿಗೆ ಹೋಗಲಿಲ್ಲ. ಹೊರಗೆ ಹೆಚ್ಚಿದ್ದರೆ ಒಳಗೂ ಹೆಚ್ಚಿರಲೇಬೇಕಲ್ಲ? ತಮ್ಮದನ್ನು ಕೊಟ್ಟು ಅದನ್ನು ತಂದರು.

ಲೋವೆಲ್‌ನ ಕುರ್ಚಿ ಒಲೆ ದಾಟಿ, ಗೋಡೆಗೆ ಕೂರಿಸಿದ್ದ ಬಟ್ಟೆ ಬೀರುವಿಗೆ ಕಚ್ಚಿಕೊಂಡು ನಿಂತಿತು. ನಡುವಿನ ದಾರಿ ಹಳೆಯದರಷ್ಟೇ ಇಕ್ಕಟ್ಟು. ಹೆಚ್ಚಿನ ಆರಿಂಚನ್ನು ಚೆರ್ರಿ ಮರದ ಆ ಬೀರು ಪೂರ್ತಿ ನುಂಗಿತ್ತು. ಉಳ್ಳವರ ಕೋಟು ಸುಕ್ಕಾಗಬಾರದಂತೆ! ಮನುಷ್ಯರು ಓಡಾಡುವುದು ಬೇಡವೇ?

"ಯಾವ ಮುಟ್ಠಾಳ ಮಾಡಿದ್ದು ಇದನ್ನ? ಅವನ ಕೈ ಸೇದಿಹೋಗ!"

ಲೋವೆಲ್ ಬೀರುವಿನ ಅಂಚನ್ನು ಸವರಿ ನೋಡಿದ. ಆಮೇಲೆ ಆಡುವ ಕೈಯನ್ನು ಎದೆಗೆ ಇಟ್ಟುಕೊಂಡ.

"ನಾ... ನೇ."

ವರ್ನಾ ನಾಲಿಗೆ ಕಚ್ಚಿಕೊಂಡಳು. ಹಾಗಂತ ಸಿಟ್ಟೇನೂ ಇಳಿಯಲಿಲ್ಲ, ಇನ್ನೂ ಏರಿತು. ಬಚ್ಚಲಿಗೆ ಹಿಡಿಕೆ ಜಡಿಯಲು ಬಂದಿದ್ದ ಮರ್ಲ್‌ನ ಸಲಕರಣೆ ಚೀಲದಿಂದ ಹಾರೆಕೋಲು ಎಳೆದುಕೊಂಡಳು.

"ಅತ್ತಿಗೆ, ಅಣ್ಣ ಮಾಡಿದ್ದು ಅದು. ಎಷ್ಟು ಚೆಂದ..."

"ಚೆಂದ ಕಟ್ಕೊಂಡು ಏನ್ ನೆಕ್ಕೋದಾ? ಆ ಕಡೆ ಸರಿ."

ಅವಳು ಹೊಡೆದ ಕಡೆ ಮರ ಅಲುಗಲಿಲ್ಲ. ಲೋವೆಲ್ ತಲೆಯಾಡಿಸಿ ಕೆಳಗಿನ ಪಟ್ಟಿಯತ್ತ ಬೆರಳು ತೋರಿಸಿದ. "ಹಿಂದೆ. ತಿ... ತಿರುಪು." ಅವನು ಅಡಗಿಸಿಟ್ಟಿದ್ದ ತಿರುಪುಗಳನ್ನು ಅವನೇ ಒಂದೊಂದಾಗಿ ತೋರಿಸಿಕೊಟ್ಟ. ಅತ್ತಿಗೆ, ಮೈದುನ ಇಬ್ಬರೂ ಸೇರಿ ಬೀರುವನ್ನು ಕಿತ್ತು ಅಂಗಳಕ್ಕೆ ಎಸೆದರು. ವರ್ನಾ ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರ್ಲ್ ಬಚ್ಚಲಿನ ಗೋಡೆಗೆ ಹಿಡಿಕೆ ಜಡಿದುಕೊಟ್ಟ. ಲೋವೆಲ್ ಒಂದೇ ಕೈಯಲ್ಲಿ ಚಕ್ರ ತಳ್ಳಿಕೊಂಡು ಒಳಗೆ ಹೋದ. ಬಾಗಿಲು ಸರಿದು ಮುಚ್ಚಿಕೊಂಡಿತು.

"ನಾನು ಹೋಗಿ ಅಣ್ಣನ್ನ ಹಿಡ್ಕೊಳ್ಲಾ ಅತ್ತಿಗೆ?"

"ಸುಮ್ನಿರು," ಅಂದಳು ವರ್ನಾ. "ಒಳಗಿಂದ ಚಿಲಕ ಹಾಕ್ಕೊಂಡಿದಾನೆ."