ಜಮಖಾನದ ಮೇಲಿನ ತಟ್ಟಡವು

"ಅಕ್ಕಾರ, ನೀವು ಸ್ವಲ್ಪ ಪಕ್ಕಕ್ಕ ಕುಂದರ್ರಿ."

ಭರತನಾಟ್ಯದ ಕ್ಲಾಸಿನಲ್ಲಿ ನಮ್ಮ ಟೀಚರಮ್ಮ ಹೀಗೆ ಹೇಳಿದ್ದು ಯಾರಿಗೆ? ನನಗೆ. ನಲವತ್ತು ದಾಟಿದ, ಹೈಸ್ಕೂಲಿನಲ್ಲಿ ದಿನವಿಡೀ ಊರ ಮಕ್ಕಳನ್ನು ಗದರಿಸಿ ಕೂರಿಸುವ ನನಗೆ! ನನ್ನ ಜೊತೆಗೇ ಸೇರಿದ ಮೂರನೇ ಕ್ಲಾಸಿನ ಹುಡುಗಿ ಮುಂದಿನ ಪಾಠಕ್ಕೆ ಹೋದಳು. ನಾನಿನ್ನೂ ತಟ್ಟಡವಿನಲ್ಲೇ ಇದ್ದೇನೆ. (ಪಾದವನ್ನು ನೆಲಕ್ಕೆ ತಟ್ಟುವ ಮೊಟ್ಟಮೊದಲ ಪಾಠ. ಅಂದರೆ ಅ ಆ ಇ ಈ.)

ಹೊಸದರಲ್ಲಿ ಹೀಗಿರಲಿಲ್ಲ. ವಾರವಾರವೂ ಸುಧಾರಿಸಿದೆ. ಆಮೇಲೆ ಗಾಡಿ ನಿಂತುಬಿಟ್ಟಿತು. ಮಂಡಿಗೆ ಎಣ್ಣೆ ತಿಕ್ಕಿದೆ, ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಬಾತ್‌ರೂಮಿನಲ್ಲಿ ಅತ್ತಿದ್ದೂ ಆಯಿತು. ಏನೂ ಬಾರದ ಸಿಟ್ಟಿಗಿಂತ, ಅರ್ಧ ಬಂದು ಅಲ್ಲೇ ನಿಂತ ಸಿಟ್ಟು ಕೆಟ್ಟದ್ದು.

ಟೀಚರಮ್ಮ ಹರಪನಹಳ್ಳಿಯಿಂದ ನಮ್ಮೂರು ಕೊಟ್ಟೂರಿಗೆ ಬಸ್ಸಿನಲ್ಲಿ ಬರುವ ಹುಡುಗಿ. ಕ್ಲಾಸ್ ಮುಗಿದ ಮೇಲೆ ಕೇಳಿದಳು.

"ತಾಳ ತಪ್ಪಲ್ಲ ನೀವು. ಆದ್ರ ನಿಮ್ಮ ಕಾಲು ಸಪ್ಪಳನ ಮಾಡವಲ್ದು. ಮನ್ಯಾಗ ಹೆಂಗ ಪ್ರಾಕ್ಟೀಸ್ ಮಾಡ್ತೀರಿ?"

"ಜಮಖಾನ ಮಡಚಿ ಹಾಸ್ಕೊಂಡ್ರಿ."

"ಯಾಕ್ರಿ?"

ಯಾಕೆಂದರೆ ನಮ್ಮತ್ತೆ. ಮುತ್ತೈದೆ ಕಾಲು ಅಪ್ಪಳಿಸಿದರೆ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. "ಕುಣಿ, ನಾ ಏನ್ ಬ್ಯಾಡ ಅನ್ನಲ್ಲವ್ವ. ಸಪ್ಪಳ ಮಾತ್ರ ಮಾಡಬ್ಯಾಡ" ಎಂದಿದ್ದರು. ಎಂಥ ಉದಾರ ಮನಸ್ಸು! ನಾನೂ ಒಪ್ಪಿಕೊಂಡೆ. ಮದುವೆಯಾದಂದಿನಿಂದ ಮೆಲ್ಲಗೆ ನಡೆದು ಪಳಗಿದ ಕಾಲು, ಸದ್ದಿಲ್ಲದೆ ತಟ್ಟುವುದನ್ನೂ ಚೆನ್ನಾಗಿಯೇ ಕಲಿಯಿತು.

ಕುಣಿಯುವ ಮೊದಲೇ ನಾವು ನೆಲ ಮುಟ್ಟಿ, ತುಳಿಯುತ್ತೇನೆ, ಕ್ಷಮಿಸು ತಾಯಿ ಎಂದು ಕೇಳಿರುತ್ತೇವೆ. ಭೂಮಿತಾಯಿಗೆ ಅಷ್ಟು ಸಾಕು. ನಮ್ಮತ್ತೆಗೆ ಸಾಲದು. ಅದೇ ನೆಲದ ಮೇಲೆ ಅವರ ಮಗ, ಅಂದರೆ ನಮ್ಮ ಯಜಮಾನರು, ಸಿಕ್ಸರ್ ಬಿದ್ದಾಗಲೆಲ್ಲ ಎಗರಿ ಕುಣಿಯುತ್ತಾರೆ. ಅಡುಗೆಮನೆಯ ಪಾತ್ರೆಗಳು ನಡುಗುತ್ತವೆ. (ಆಗ ಲಕ್ಷ್ಮಿಯೂ ಮ್ಯಾಚ್ ನೋಡುತ್ತ ಕೂತಿರುತ್ತಾಳೇನೋ.)

ಅಂದು ಸಂಜೆ ಜಮಖಾನ ಸುತ್ತಿಟ್ಟೆ. ಬರೀ ನೆಲದ ಮೇಲೆ ನಿಂತು ತಟ್ಟಿದೆ. ತೈ! ನನ್ನ ಮನೆಯಲ್ಲಿ ನನ್ನ ಕಾಲಿನ ಸದ್ದು ಮೊದಲ ಸಲ ನನಗೆ ಕೇಳಿಸಿತು. ಕಣ್ಣು ತುಂಬಿ ಬಂತು. ಇನ್ನೊಮ್ಮೆ ತಟ್ಟಿದೆ.

ದೇವರ ಕೋಣೆಯಲ್ಲಿ ಅತ್ತೆಯ ಗಂಟೆ ನಿಂತಿತು. ಯಜಮಾನರು ಟೀವಿ ಮ್ಯೂಟ್ ಮಾಡಿ ಇಣುಕಿದರು.

"ಯಾಕ, ಯಾರ ಮ್ಯಾಲ ಸಿಟ್ಟು ಇದು?"

ಹೇಳಲು ಶುರುಮಾಡಿದರೆ, ಮುಂದಿನ ಪಾಠ ಕಲಿಯಲು ಈ ಜನ್ಮದಲ್ಲಿ ಟೈಮ್ ಉಳಿದೀತೇ?